ಮುರಿದ ಮೇಲೂ ಮರ್ಯಾದೆ ಉಳಿಯಲಿ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದರ(ಸ) ಮೇಲೆ ಶಾಂತಿಯಿರಲಿ.

ನಿಕಾಹ್‌ಗೆ ಊರೆಲ್ಲ ಸೇರುತ್ತದೆ. ಅದೇ ಸಂಬಂಧ ಹದಿನೈದು ಇಪ್ಪತ್ತು ವರ್ಷಗಳ ಬಳಿಕ ಮುರಿದರೆ ಆ ಮನೆಯ ಹೊಸ್ತಿಲು ತುಳಿಯುವವರಿಲ್ಲ. ತಿಪ್ಪಸಂದ್ರದಂಥ ಸಣ್ಣ ಊರಿನಲ್ಲಿ ತವರಿಗೆ ಮರಳಿದ ಹೆಣ್ಣುಮಗಳು ಅಂಗಡಿಗೆ ಹೋದರೂ ಹತ್ತು ಕಣ್ಣು ಹಿಂಬಾಲಿಸುತ್ತವೆ. ಗಂಡಸಿನ ನೋವನ್ನಂತೂ ಕೇಳುವವರೇ ಇಲ್ಲ.

ಅಗಲಿಕೆಗೆ ಅಳುವುದು ಈಮಾನಿನ ಕೊರತೆಯಲ್ಲ. ಬರೀರಾ(ರ) ಮತ್ತು ಮುಗೀಸ್(ರ) ಅವರ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ದಾಸ್ಯದಿಂದ ಬಿಡುಗಡೆಯಾದ ಬರೀರಾ ಪತಿಯಿಂದ ಬೇರೆಯಾದರು. ಮುಗೀಸ್ ಗಡ್ಡ ತೊಯ್ಯುವಂತೆ ಅಳುತ್ತಾ ಮದೀನಾದ ಬೀದಿಗಳಲ್ಲಿ ಆಕೆಯ ಹಿಂದೆ ಅಲೆದರು. ಪ್ರವಾದಿಯವರು(ಸ) ಆತನ ಪರವಾಗಿ ಮಾತನಾಡಿದರು. ಇದು ಆಜ್ಞೆಯೇ ಎಂದು ಬರೀರಾ ಕೇಳಿದಾಗ, ಅಲ್ಲ, ಶಿಫಾರಸು ಮಾತ್ರ ಎಂದರು. ಹಾಗಿದ್ದರೆ ಆತ ತನಗೆ ಬೇಡ ಎಂದು ಆಕೆ ತಿಳಿಸಿದರು. ಪ್ರವಾದಿಯವರೇ(ಸ) ಒತ್ತಾಯಿಸದ ಕಡೆ ನಾವು ಒತ್ತಾಯಿಸಲು ಯಾರು? ರಾಜಿಗೆ ಎರಡೂ ಕಡೆಯ ಒಬ್ಬೊಬ್ಬ ಹಿರಿಯರು ಕೂರಲಿ. ಅನ್ನಿಸಾ ಅಧ್ಯಾಯ ಕಲಿಸಿದ್ದು ಅದನ್ನೇ. ಆಗದಿದ್ದರೆ ಒಳ್ಳೆಯ ರೀತಿಯಲ್ಲಿ ಬೀಳ್ಕೊಡಬೇಕು.

ಕೆಲವರು ಮಹ್ರ್ ಮತ್ತು ಇದ್ದತ್‌ನ ಖರ್ಚು ಕೊಟ್ಟರೆ ಲೆಕ್ಕ ಚುಕ್ತಾ ಎಂದುಕೊಳ್ಳುತ್ತಾರೆ. ಬೆಂಗಳೂರಿನ ಒಬ್ಬರು 1991ರಲ್ಲಿ ತಲಾಕ್ ನೀಡಿ, 5,000 ರೂಪಾಯಿ ಮಹ್ರ್ ಕೊಟ್ಟು, ಮುಂದೆ ಜೀವನಾಂಶದ ಪ್ರಶ್ನೆ ಬಂದಾಗ ಇದೇ ವಾದ ಹೂಡಿದರು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ವಿಚ್ಛೇದಿತೆಗೆ ನ್ಯಾಯೋಚಿತ ನೆರವು ನೀಡುವುದು ಭಯಭಕ್ತಿಯುಳ್ಳವರ ಹೊಣೆ ಎಂದು ಅಲ್‌ಬಕರಾದ 241ನೇ ಸೂಕ್ತ ಎಂದೋ ಕಲಿಸಿದೆ. ಅದನ್ನು ಪಾಲಿಸಿದ್ದರೆ ಒಬ್ಬ ಹೆಣ್ಣುಮಗಳು ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಿತ್ತೇ?

ಮಕ್ಕಳ ವಿಷಯವೂ ಹೀಗೆಯೇ. ಮಗುವನ್ನು ಮುಂದಿಟ್ಟು ತಾಯಿಯನ್ನಾಗಲಿ ತಂದೆಯನ್ನಾಗಲಿ ನೋಯಿಸುವುದನ್ನು ಕುರ್‌ಆನ್ ತಡೆದಿದೆ. ಅಬ್ಬನ ಮನೆಯ ಸುದ್ದಿಯನ್ನು ಅಮ್ಮಿಗೆ, ಅಮ್ಮಿಯ ಬೈಗುಳವನ್ನು ಅಬ್ಬನಿಗೆ ಹೊತ್ತೊಯ್ಯುವ ಕೆಲಸ ಮಕ್ಕಳ ಪಾಲಿಗೆ ಬರಬಾರದು.

ನೊಂದವರು ಜಮಾಅತ್‌ನ ನಮಾಝ್ ಬಿಡದಿರಲಿ, ಒಂಟಿಯಾಗಿ ಕೂರದಿರಲಿ. ನಂಬಿಕಸ್ತರಾದ ಒಬ್ಬರ ಬಳಿ ಮನಸ್ಸು ಬಿಚ್ಚಲಿ; ಊರಿನ ಮುಂದೆ ಒಬ್ಬರ ಗುಟ್ಟು ಇನ್ನೊಬ್ಬರು ರಟ್ಟು ಮಾಡದಿರಲಿ. ಮರುಮದುವೆ ಹೆಣ್ಣಿಗೂ ಗಂಡಿಗೂ ಇರುವ ಹಕ್ಕು. ಉಳಿದ ನಾವು ಏನಾಯಿತು ಎಂದು ಕೆದಕುವ ಬದಲು, ಊಟವಾಯಿತೇ ಎಂದು ಕೇಳೋಣ.

ಮುರಿದ ಮನಸ್ಸುಗಳಿಗೆ ಅಲ್ಲಾಹನು ಸಬ್ರ್ ನೀಡಲಿ, ಇಬ್ಬರಿಗೂ ಒಳಿತಿನ ದಾರಿ ತೆರೆಯಲಿ. ಆಮೀನ್.