ಅಮಲ್ದಾರ ಎಂಬ ಹೆಸರಿನ ಹುಟ್ಟು
(ಗಿರಣಿ ಕೆಲಸಗಾರರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಹಳೆಯ ಮೈಸೂರಿನಲ್ಲಿ ತಾಲ್ಲೂಕಿಗೆ ದೊರೆಯೆಂದರೆ ಅಮಲ್ದಾರರೇ. ಕಂದಾಯ ಅವರದು, ಖಜಾನೆ ಅವರದು, ಸಣ್ಣಪುಟ್ಟ ಫೌಜುದಾರಿ ಮೊಕದ್ದಮೆಗಳ ವಿಚಾರಣೆಯೂ ಅವರದೇ. ಅವರ ಸವಾರಿ ಬರುತ್ತದೆಂದರೆ ಶಾನುಭೋಗರು ಲೆಕ್ಕದ ಕಡತ ಹೊತ್ತು ಓಡಬೇಕು, ರೈತ ಹೆಗಲ ವಸ್ತ್ರವನ್ನು ಕಂಕುಳಲ್ಲಿಟ್ಟು ನಿಲ್ಲಬೇಕು. ಇಷ್ಟು ಅಂಜಿಕೆ ಹುಟ್ಟಿಸಿದ ಹೆಸರಿಗೆ ಅರ್ಥವೇನೆಂದು ಕೇಳಿದವರು ಮಾತ್ರ ಕಡಿಮೆ.

ಅರ್ಥ ಬಹಳ ಸರಳ. 'ಅಮಲ್' ಅರಬ್ಬಿ ಮಾತು, ಕೆಲಸ ಎಂದರ್ಥ. 'ದಾರ' ಪಾರಸಿಯದು, ಹಿಡಿದವನು, ಇಟ್ಟುಕೊಂಡವನು. ಜಮೀನು ಹಿಡಿದವನು ಜಮೀನ್ದಾರ, ದುಕಾನು ಇಟ್ಟವನು ದುಕಾನ್ದಾರ. ಈ ಬಾಲವನ್ನು ನಾವು ಕನ್ನಡದ ಮಾತಿಗೂ ಅಂಟಿಸಿ ಗುತ್ತಿಗೆದಾರ, ಬಾಡಿಗೆದಾರ ಎನ್ನುತ್ತೇವೆ. ಹಾಗೆಯೇ ಕೆಲಸ ಹಿಡಿದವನು ಅಮಲ್ದಾರ.

ಅದೇ ಧಾತುವಿನಿಂದ ಅರಬ್ಬಿಯಲ್ಲಿ 'ಆಮಿಲ್' ಎಂಬ ಮಾತು ಹುಟ್ಟಿತು: ಕೆಲಸ ಮಾಡುವವನು. ಖಲೀಫರ ಕಾಲದಲ್ಲಿ ಪ್ರಾಂತ್ಯದ ಅಧಿಕಾರಿಗೂ ತೆರಿಗೆ ಎತ್ತುವವನಿಗೂ ಈ ಹೆಸರಿತ್ತು. ಮೊಗಲರ ಪರಗಣೆಯಲ್ಲಿ ಕಂದಾಯದವನೂ ಆಮಿಲನೇ. ಇಂದು ಕೈರೋದಲ್ಲಾಗಲಿ ಬಾಗ್ದಾದಿನಲ್ಲಾಗಲಿ ಆಮಿಲ್ ಎಂದರೆ ಕೂಲಿಕಾರ, ಕಾರ್ಖಾನೆಯ ಕೆಲಸಗಾರ. ಅಲ್ಲಿ ಕಡಿದ ನೂಲನ್ನು ಜೋಡಿಸುವವನನ್ನು ಕರೆಯುವ ಮಾತನ್ನೇ ಇಲ್ಲಿ ನಾವು ಕುರ್ಚಿಯ ಮೇಲೆ ಕೂರಿಸಿ ಕೈಮುಗಿದೆವು!

ಈ ಧಾತುವಿನ ಸಂತಾನ ದೊಡ್ಡದು. ಕಾನೂನು ಜಾರಿಯಾದರೆ 'ಅಮಲಿಗೆ ಬಂತು' ಎನ್ನುತ್ತೇವೆ. ಹೆಂಡ ತಲೆಗೇರಿದರೂ ಅಮಲೇ. ಅಧಿಕಾರಕ್ಕೂ ಹೆಂಡಕ್ಕೂ ಒಂದೇ ಮಾತು ಸಿಕ್ಕಿದ್ದನ್ನು ಕಂಡು ಕಚೇರಿ ಅಲೆದವರಾರೂ ಆಶ್ಚರ್ಯಪಡಲಾರರು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಕಡೆ ತಾಲ್ಲೂಕಿನ ಅಧಿಕಾರಿ 'ಮಾಮಲೇದಾರ'. ಅದೂ ಇದೇ ಮನೆತನ, ವ್ಯವಹಾರ ಎಂಬರ್ಥದ 'ಮುಆಮಲತ್' ಎಂಬುದರಿಂದ ಬಂದದ್ದು. ಇನ್ನು 'ಮಾಮೂಲು'. ಮೂಲದಲ್ಲಿ ಅದು 'ಮಾಡಲ್ಪಟ್ಟದ್ದು', ಆಮೇಲೆ 'ರೂಢಿಯಾದದ್ದು'. ಮೂರನೆಯ ಅರ್ಥವನ್ನು ಇಲ್ಲಿ ಕುಳಿತಿರುವ ಅಂಗಡಿಯವರಿಗೆ ನಾವು ಹೇಳಬೇಕಾಗಿಲ್ಲ. ಲಂಚಕ್ಕೆ ರೂಢಿ ಎಂದು ಹೆಸರಿಟ್ಟ ಮೇಲೆ ಕೊಡುವವನಿಗೆ ನಾಚಿಕೆಯಿಲ್ಲ, ತೆಗೆದುಕೊಳ್ಳುವವನಿಗೆ ಅಂಜಿಕೆಯಿಲ್ಲ.

ಹೆಸರು ಕೆಲಸದ್ದಾದರೂ ನಡೆದದ್ದು ವಸೂಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 'ಶರ್ತಿ' ಎಂಬ ಪದ್ಧತಿಯಿತ್ತು. ತಾಲ್ಲೂಕಿನಿಂದ ಇಷ್ಟು ಹಣ ತಂದೇ ತರುತ್ತೇನೆಂದು ಅಮಲ್ದಾರ ಒಪ್ಪಿಕೊಳ್ಳಬೇಕು. ಕಡಿಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಕೈಯಿಂದ ತುಂಬುವ ಅಮಲ್ದಾರನನ್ನು ಕಂಡವರುಂಟೆ? ಮಳೆ ಬರಲಿ ಬಿಡಲಿ, ಅದು ರೈತನ ಕಣಜದಿಂದಲೇ ಬರಬೇಕು. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದುದಕ್ಕೆ ಇದೂ ಒಂದು ಕಾರಣ. ಮರುವರ್ಷ, 1831ರಲ್ಲಿ, ಇಂಗ್ಲಿಷರು ಆ ದಂಗೆಯನ್ನೇ ನೆಪಮಾಡಿಕೊಂಡು ರಾಜ್ಯವನ್ನು ತಮ್ಮ ವಶಕ್ಕೆ ತೆಗೆದುಕೊಂಡು 1881ರವರೆಗೆ, 50 ವರ್ಷ, ಕಮಿಷನರರ ಮೂಲಕ ಆಳಿದರು. ಆಳುವವರು ಬದಲಾದರು, ಅಮಲ್ದಾರರು ಬದಲಾಗಲಿಲ್ಲ. ಒಡೆಯರಿಗೆ ರಾಜ್ಯ ಹಿಂದಿರುಗಿದ ಮೇಲೆ ಬಂದ 1888ರ ಭೂಕಂದಾಯ ಕಾಯಿದೆಯಲ್ಲಿಯೂ ಅವರೇ.

1956ರಲ್ಲಿ ಕನ್ನಡ ನಾಡು ಒಂದಾದಾಗ ಅಮಲ್ದಾರ, ಮಾಮಲೇದಾರ, ತಹಸೀಲ್ದಾರ ಎಲ್ಲರೂ ಒಂದೇ ಚಾವಡಿಗೆ ಬಂದರು. ಗೆದ್ದದ್ದು ಮೂರನೆಯ ಹೆಸರು. 1964ರ ಭೂಕಂದಾಯ ಕಾಯಿದೆ ತಹಸೀಲ್ದಾರ ಎಂದೇ ಹೇಳುತ್ತದೆ. 'ತಹಸೀಲ್' ಎಂದರೆ ವಸೂಲಿ. ನಮ್ಮ 'ಮಹಸೂಲು' ಅದರ ಒಡಹುಟ್ಟು. ಅಂತೂ ಕೆಲಸದವನೆಂಬ ಹೆಸರು ಹೋಗಿ ವಸೂಲಿಯವನೆಂಬ ಹೆಸರು ಉಳಿಯಿತು. ಪ್ರಾಮಾಣಿಕತೆ ಹೆಚ್ಚಿತೆಂದು ಬೇಕಾದರೆ ಸಂತೋಷಪಡಬಹುದು.

ಈ ಮಾತೇಕೆ ಎಂದು ನೀವು ಕೇಳುತ್ತೀರಿ. ಮಕ್ಕಳ ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕಾದಾಗ ನಾವು ಅರ್ಜಿ ಬರೆಯುತ್ತೇವೆ: 'ಮಹಾಸ್ವಾಮಿಗಳವರ ಸನ್ನಿಧಾನಕ್ಕೆ'. ಸನ್ನಿಧಾನ ದೇವರಿಗಿರುವುದು. ಕೆಳಗೆ 'ತಮ್ಮ ವಿಧೇಯ' ಎಂದು ನಮ್ಮ ಸಹಿ. ಮುಂದಿನ ಅರ್ಜಿಯಲ್ಲಿ ಮೇಲೆ 'ತಹಸೀಲ್ದಾರರಿಗೆ' ಎಂದಷ್ಟೇ ಬರೆದು, ಕೆಳಗೆ ಹೆಸರಿನ ಪಕ್ಕದಲ್ಲಿ 'ಗಿರಣಿ ಕೆಲಸಗಾರ' ಎಂದೋ 'ಕಿರಾಣಿ ವ್ಯಾಪಾರಿ' ಎಂದೋ ಬರೆಯೋಣ. ಅಷ್ಟಕ್ಕೇ ಅರ್ಜಿಯನ್ನು ಹಿಂದಿರುಗಿಸಿದರೆ, ಆ ಕಾಗದವನ್ನು ಇಲ್ಲಿಗೆ ತನ್ನಿ.