ಬೆಂಗಳೂರು ನೀಲಿ ದ್ರಾಕ್ಷಿ: ಅದರ ಗುಣವೂ ಬೇಸಾಯಕ್ರಮವೂ
(ಗ್ರಾಮಮುಖಂಡರ ಹಾಗೂ ಹಿಡುವಳಿದಾರರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಪ್ರಾಂತಗಳ ಕೆಂಪು ನೆಲದಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯು ಬಹುಕಾಲದಿಂದ ಬೇರೂರಿರುತ್ತದೆ. ಆದರೆ ಇದರ ಮೂಲವು ಈ ದೇಶವಲ್ಲ. ಅಮೆರಿಕಾದ ಲಬ್ರಸ್ಕ ಎಂಬ ಕಾಡುದ್ರಾಕ್ಷಿಯ ಅಂಶವುಳ್ಳ ಇಸಬೆಲ್ಲಾ ಜಾತಿಯೇ ಇಲ್ಲಿ ಈ ಹೆಸರನ್ನು ಪಡೆದಿದೆ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ಹಣ್ಣು ಚಿಕ್ಕದು, ಕಡುನೇರಳೆ ಬಣ್ಣದ್ದು, ಬೀಜವುಳ್ಳದ್ದು. ಹಿಸುಕಿದೊಡನೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುವುದು. ಬಣ್ಣವೆಲ್ಲವೂ ಸಿಪ್ಪೆಯಲ್ಲಿಯೇ ಇರುವುದರಿಂದ, ಕೆಂಪು ವೈನನ್ನು ತಯಾರಿಸುವವರು ರಸವನ್ನು ಸಿಪ್ಪೆಯೊಡನೆಯೇ ಹುಳಿಯಲು ಬಿಡುತ್ತಾರೆ. ಈ ಜಾತಿಗೆ ವಿಶಿಷ್ಟವಾದ ಗಾಢ ಪರಿಮಳವುಂಟು; ಹುಳಿಯೂ ಹೆಚ್ಚು. ಈ ಪರಿಮಳವನ್ನು ಮೆಚ್ಚುವವರಿರುವಂತೆ ಒಲ್ಲದವರೂ ಇದ್ದಾರೆ. ಫ್ರಾನ್ಸ್ ದೇಶವು 1934ರ ಕಾನೂನಿನಿಂದ ಇಸಬೆಲ್ಲಾ ಸೇರಿದಂತೆ ಆರು ಜಾತಿಗಳನ್ನು ನಿಷೇಧಿಸಿತು. ಆದಕಾರಣ ಈ ಬೆಳೆಗೆ ಗಿರಾಕಿಯನ್ನು ಸ್ವದೇಶದಲ್ಲಿಯೇ ಹುಡುಕಿಕೊಳ್ಳತಕ್ಕದ್ದು. ಇಲ್ಲಿ ಇದು ತಿನ್ನುವುದಕ್ಕೂ, ರಸಕ್ಕೂ, ಸಿಹಿ ವೈನಿಗೂ ಸಲ್ಲುತ್ತದೆ.

ಬೇಸಾಯಗಾರನಿಗೆ ಅತಿ ಹೆಚ್ಚು ನಷ್ಟವಾಗುವುದು ಕೊಯ್ಲಿನ ಅವಸರದಿಂದ. ಗೊಂಚಲು ಕಪ್ಪಾದ ಮಾತ್ರಕ್ಕೆ ಹಣ್ಣಾಯಿತೆಂದು ತಿಳಿಯಬಾರದು. ಬಣ್ಣವು ಮೊದಲು ಬರುವುದು, ಸಕ್ಕರೆಯು ತರುವಾಯ ಏರುವುದು. ಮಾವು ಬಾಳೆಗಳಂತೆ ದ್ರಾಕ್ಷಿಯು ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಚೆನ್ನಾಗಿ ಬಲಿತಾಗ ರಸದ ಸಾಂದ್ರತೆಯು 16ರಿಂದ 18 ಬ್ರಿಕ್ಸ್ ಮುಟ್ಟುವುದು. ಸಾಲದ ಬಡ್ಡಿಗೆ ಹೆದರಿ ಹತ್ತು ದಿನ ಮುಂಚೆ ಕಿತ್ತವನು ಹುಳಿಹಣ್ಣನ್ನು ಕೊಂಡೊಯ್ದು, ಕೊಳ್ಳುವವನು ಹೇಳಿದ ದರಕ್ಕೆ ತಲೆಬಾಗಬೇಕಾಗುವುದು. ಸಕ್ಕರೆಯನ್ನಳೆಯುವ ಕೈಯಂತ್ರವೊಂದನ್ನು ಊರಿನವರು ಕೂಡಿ ಕೊಂಡಲ್ಲಿ ಈ ಸಂಕಟವು ತಪ್ಪುವುದು.

ನಾಟಿಗೆ ನೀರು ಬಸಿದುಹೋಗುವ ಭೂಮಿಯೇ ಬೇಕು. ನೀರು ನಿಲ್ಲುವ ತಗ್ಗು ನೆಲವು ಸಲ್ಲದು. ಬೀಜದಿಂದ ಬೆಳೆದ ಗಿಡವು ತಾಯಿಗುಣವನ್ನು ಉಳಿಸಿಕೊಳ್ಳದು. ಒಳ್ಳೆಯ ಫಸಲು ಕೊಟ್ಟ, ರೋಗವಿಲ್ಲದ ಬಳ್ಳಿಯಿಂದ ನಾಲ್ಕು ಕಣ್ಣುಳ್ಳ ಬಲಿತ ಕಡ್ಡಿಗಳನ್ನಾರಿಸಿ, ಮಡಿಯಲ್ಲಿ ಬೇರು ಬಿಡಿಸಿ ನೆಡಬೇಕು. ಗುಂಡಿಗೆ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ತುಂಬಿ, ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸತಕ್ಕದ್ದು. ಈ ಸೀಮೆಯ ಹಿತವಾದ ಹವೆಯಲ್ಲಿ ವರ್ಷಕ್ಕೆ ಎರಡು ಸಲ ಸವರಿ ಎರಡು ಫಸಲನ್ನು ಪಡೆಯುವುದು ರೂಢಿ. ಎರಡು ಫಸಲಿನ ಭಾರವನ್ನು ಹೊರುವ ಬಳ್ಳಿಗೆ ಗೊಬ್ಬರವನ್ನೂ ಎರಡು ಸಲ ಹಾಕದಿದ್ದರೆ ಅದು ಬೇಗನೆ ಸೊರಗುವುದು. ಕೊಯ್ಲಿಗೆ ಸುಮಾರು ಒಂದು ವಾರ ಮುಂಚಿತವಾಗಿ ನೀರನ್ನು ತಗ್ಗಿಸಬೇಕು.

ಚಿಬ್ಬುರೋಗವನ್ನು ಈ ಜಾತಿಯು ತಕ್ಕಮಟ್ಟಿಗೆ ತಡೆದುಕೊಳ್ಳುವುದು. ಆದರೆ ಬೂಜುರೋಗಕ್ಕೆ ಸುಲಭವಾಗಿ ಈಡಾಗುವುದು. ಮಳೆ ಹಿಡಿದ ದಿನಗಳಲ್ಲಿ ಎಲೆ, ಎಳೆಚಿಗುರು, ಕಾಯಿಗಳ ಮೇಲೆ ಅಂಚು ಕಪ್ಪಾದ ಕುಳಿಚುಕ್ಕೆಗಳು ಕಂಡರೆ ಅದೇ ಚಿಬ್ಬುರೋಗ. ಸವರಿದ ಕಡ್ಡಿಗಳನ್ನು ತೋಟದಲ್ಲಿ ಬಿಡದೆ ಸುಡಬೇಕು. ಮಲೆನಾಡಿನವರು ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೇ ಇದಕ್ಕೂ ಆಗುವುದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಇದು ಅದರ ಪ್ರಮಾಣ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಅನಂತರ ಬೆರೆಸಬೇಕು. ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕುವನ್ನದ್ದಿದಾಗ ತಾಮ್ರದ ಬಣ್ಣವು ಹತ್ತಿದರೆ ಸುಣ್ಣವನ್ನು ಇನ್ನಷ್ಟು ಸೇರಿಸಬೇಕು.

ಕೊನೆಯದಾಗಿ ಮಾರಾಟದ ಮಾತು. ಕರ್ನಾಟಕ ಸರ್ಕಾರವು 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿತು. ಆದರೂ ಯಾವ ನೀತಿಯೂ ಬಳ್ಳಿ ನೆಟ್ಟವನ ಮನೆಬಾಗಿಲಿಗೆ ಗಿರಾಕಿಯನ್ನು ತಂದು ನಿಲ್ಲಿಸಲಾರದು. ಚಪ್ಪರದ ಕಲ್ಲುಕಂಬಕ್ಕೂ ತಂತಿಗೂ ಹಣವನ್ನು ಸುರಿಯುವ ಮುನ್ನವೇ ಕೊಳ್ಳುವವರಾರು, ಎಷ್ಟು ಸಕ್ಕರೆಗೆ ಯಾವ ದರ ಎಂಬುದನ್ನು ಬರಹದಲ್ಲಿ ಗೊತ್ತುಮಾಡಿಕೊಳ್ಳಬೇಕು. ಒಬ್ಬೊಬ್ಬರಾಗಿ ಹೋದವರಿಗೆ ಸಿಗದ ದರವು ಊರೆಲ್ಲ ಒಟ್ಟಾಗಿ ಕೇಳಿದರೆ ಸಿಗಬಹುದು. ಇದನ್ನು ಕೂಡಿಸಿ ನಡೆಸತಕ್ಕವರು ಗ್ರಾಮದ ಮುಖಂಡರೇ. ಬಳ್ಳಿಯು ಒಂದೆರಡು ವರ್ಷದ ಬೆಳೆಯಲ್ಲ. ಅದನ್ನು ನೆಡುವವನು ಮಕ್ಕಳ ಕಾಲವನ್ನೂ ನೆನೆದು ನೆಡಬೇಕು.