ಅಕ್ಷರವನ್ನು ನೋಡುವ ಕಣ್ಣು



ಗ್ರಾಫಿಕ್ ವಿನ್ಯಾಸದಲ್ಲಿ ಸ್ವಂತ ಅಭಿರುಚಿಯನ್ನು ಬೆಳೆಸಿಕೊಳ್ಳುವುದು ಹೇಗೆ ಎಂಬುದು ಈ ವಿಚಾರ ಸಂಕಿರಣದ ಚರ್ಚೆಯ ವಿಷಯ. ಆಶಯ ಭಾಷಣಕ್ಕೆ ಒಪ್ಪಿಕೊಂಡಾಗಲೇ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಬಹುಕಾಲದಿಂದ ಹೇಳುತ್ತ ಬಂದ ಮಾತು ಅದು. ನಮ್ಮ ವಿನ್ಯಾಸ ಶಿಕ್ಷಣ ಅಭಿರುಚಿಯ ಪಾಠವನ್ನು ಕನ್ನಡ ಅಕ್ಷರದಿಂದ ಶುರು ಮಾಡಲಿಲ್ಲ. ದಾರಿ ತಪ್ಪಿದ್ದು ಅಲ್ಲೇ.

ಮೊದಲ ವರ್ಷದ ಯಾವುದೇ ತರಗತಿಗೆ ಹೋಗಿ ನೋಡಿ. ಗೋಡೆಯ ಮೇಲೆ 1957ರ ಹೆಲ್ವೆಟಿಕಾ ಫಾಂಟ್ ಇರುತ್ತದೆ, ಸ್ವಿಸ್ ಗ್ರಿಡ್ ಇರುತ್ತದೆ. ಎರಡೂ ದೊಡ್ಡ ಕೆಲಸಗಳೇ, ನಾನೂ ಅವುಗಳಿಂದ ಕಲಿತವನೇ. ಆದರೆ ಆ ಗ್ರಿಡ್ ರೂಪುಗೊಂಡದ್ದು ಒತ್ತಕ್ಷರವಿಲ್ಲದ ಲಿಪಿಗಾಗಿ. ‘ಸ್ವಾತಂತ್ರ್ಯ’ ಎಂದು ಬರೆದು ಅದರ ಕೆಳಗಿನ ಸಾಲಿನಲ್ಲಿ ‘ಕಿಟಕಿ’ ಎಂದು ಬರೆಯಿರಿ. ಮೇಲಿನಿಂದ ಒತ್ತುಗಳು ಇಳಿಯುತ್ತವೆ, ಕೆಳಗಿನಿಂದ ಗುಡಿಸುಗಳು ಏಳುತ್ತವೆ. ಇಂಗ್ಲಿಷಿಗೆ ಧಾರಾಳವೆನಿಸುವ ಸಾಲಂತರ ಕನ್ನಡಕ್ಕೆ ಇಕ್ಕಟ್ಟಾಗುತ್ತದೆ. ಆಗ ವಿದ್ಯಾರ್ಥಿ ಕನ್ನಡದ ಗಾತ್ರ ಇಳಿಸುತ್ತಾನೆ. ಗಾತ್ರ ಇಳಿದರೆ ‘ಥ’ದೊಳಗಿನ ಚುಕ್ಕೆ ಮಸಿಯಲ್ಲಿ ಮುಚ್ಚಿಹೋಗುತ್ತದೆ, ‘ಧ’ದ ಅಡಿಯ ಸೀಳು ಅಳಿಸಿ ಅದು ‘ದ’ದಂತೆ ಕಾಣುತ್ತದೆ. ಪುಟವೇನೋ ಶುಭ್ರವಾಗಿರುತ್ತದೆ, ಓದುವವರ ಕಣ್ಣು ದಣಿಯುತ್ತದೆ.

ದಾವಣಗೆರೆಯಲ್ಲಿ ಅಂಗಡಿಯೊಂದರ ಮುಂದೆ ಬೋರ್ಡ್ ಬರೆಯುತ್ತಿದ್ದ ಹಿರಿಯರೊಬ್ಬರನ್ನು ನಿಂತು ನೋಡಿದ್ದೆ. ಸುಣ್ಣದ ದಾರ ಹಿಡಿದು ಎರಡು ಗೆರೆ ಹೊಡೆದರು. ಆಮೇಲೆ ಕೆಳಗೆ ಮೂರನೆಯದನ್ನೂ ಹೊಡೆದರು. ಅದು ಯಾಕೆ ಎಂದು ಕೇಳಿದೆ. “ಒತ್ತಿಗೆ ಸ್ವಾಮಿ. ಅದಕ್ಕೆ ಮೊದ್ಲು ಜಾಗ ಬಿಟ್ಕೊಂಡ್ರೆ ಅಕ್ಷರ ತಾನಾಗೇ ಕೂರ್ತದೆ” ಎಂದರು. ತಲೆಕಟ್ಟಿಲ್ಲದ ‘ಬ’, ‘ಲ’ಗಳನ್ನು ಕೂದಲೆಳೆಯಷ್ಟು ಎತ್ತರಿಸಿ ಬರೆದರು. ರಸ್ತೆಯ ಆಚೆ ಬದಿಗೆ ಹೋಗಿ ನೋಡಿದೆ, ಸಾಲು ಸಮವಾಗಿ ಕಂಡಿತು. ನಾನು ಅಭಿರುಚಿ ಎನ್ನುವುದು ಇದನ್ನೇ. ಆಯ್ಕೆಗೆ ಕಾರಣ ಗೊತ್ತಿರಬೇಕು, ಆ ಕಾರಣ ಕೈಗೆ ಇಳಿದಿರಬೇಕು.

ಈ ಕ್ಷೇತ್ರದಲ್ಲಿ ಕೆಲಸವೇ ಆಗಿಲ್ಲವೆಂದು ನಾನು ಹೇಳುವುದಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿರುವ ಶಾಸನತಜ್ಞ ಮಿತ್ರರು ಮಧ್ಯಾಹ್ನ ಹಲ್ಮಿಡಿ ಶಾಸನದಿಂದ ಮೊದಲು ಮಾಡುತ್ತಾರೆ. 1843ರ ‘ಮಂಗಳೂರ ಸಮಾಚಾರ’ದ ಕಲ್ಲಚ್ಚು, 1894ರ ಕಿಟೆಲ್ ನಿಘಂಟಿನ ಅಚ್ಚುಮೊಳೆಗಳು, ಇವನ್ನು ಮಂಗಳೂರಿನಿಂದ ಬಂದಿರುವ ಪ್ರಾಧ್ಯಾಪಕರಿಗೇ ಬಿಡುತ್ತೇನೆ, ಅವರ ಮುಂದೆ ನಾನು ವಿದ್ಯಾರ್ಥಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಇವತ್ತಿನ ‘ಬಲೂ ತಮ್ಮ’ದಂಥ ಫಾಂಟಿನವರೆಗಿನ ಕಥೆ ಹೇಳಲು ಇಲ್ಲಿ ಯುವ ಮಿತ್ರರಿದ್ದಾರೆ. ಅವರೆಲ್ಲರ ಅನುಮತಿ ಪಡೆದು, ನನಗೆ ಇನ್ನೂ ಬಗೆಹರಿಯದ ಒಂದು ಪ್ರಶ್ನೆಗೆ ಬರುತ್ತೇನೆ.

ಒಂದು ಅಕ್ಷರ ನಮಗೆ ಹಿತವೆನಿಸುವುದು ಅದು ಚೆನ್ನಾಗಿರುವುದರಿಂದಲೋ, ನಮಗೆ ರೂಢಿಯಾಗಿರುವುದರಿಂದಲೋ?

ನಾವು ಹೆಚ್ಚು ಓದಿದ್ದನ್ನೇ ಸಲೀಸಾಗಿ ಓದುತ್ತೇವೆ ಎಂದು ಅಕ್ಷರ ವಿನ್ಯಾಸಕಿ ಜೂಜಾನಾ ಲಿಕೊ ವಾದಿಸಿದ್ದಾರೆ. ನಮ್ಮಲ್ಲಿ ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಸರ್ಕಾರಿ ಆದೇಶದಿಂದ ಮದುವೆಯ ಕರೆಯೋಲೆಯವರೆಗೆ ಅದರ ಅಕ್ಷರಗಳನ್ನೇ ಓದಿ ಬೆಳೆದ ತಲೆಮಾರಿಗೆ ಕನ್ನಡವೆಂದರೆ ಆ ಆಕಾರವೇ. ಅದು ಒಬ್ಬರು ಮಾಡಿದ ಆಯ್ಕೆ, ಬೇರೆಯೂ ಇರಬಹುದಿತ್ತು ಎಂದು ಅವರಿಗೆ ಹೊಳೆಯುವುದಿಲ್ಲ. ಕಿಟೆಲ್ ನಿಘಂಟಿನ ಪುಟ ತೋರಿಸಿದರೆ “ಓದೋಕೆ ಕಷ್ಟ ಸರ್” ಎನ್ನುತ್ತಾರೆ. ಅವರ ಅಜ್ಜಂದಿರಿಗೆ ಅಂಥ ಮೊಳೆಗಳ ಓದು ನೀರು ಕುಡಿದಷ್ಟು ಸುಲಭವಾಗಿತ್ತು.

ಹಾಗಾದರೆ ಎಲ್ಲವೂ ರೂಢಿಯೇ? ಒಮ್ಮೆ ವಿದ್ಯಾರ್ಥಿಗಳ ಜೊತೆ ಬಾದಾಮಿಗೆ ಹೋಗಿದ್ದೆವು. ಸುಮಾರು 700ರ ಕಪ್ಪೆ ಅರಭಟ್ಟನ ಶಾಸನದ ಮುಂದೆ ವಿದ್ಯಾರ್ಥಿನಿಯೊಬ್ಬಳು ಕದಲದೆ ನಿಂತಳು. ಅವಳಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ, ಆದರೂ ಚೆನ್ನಾಗಿದೆ ಎಂದಳು. ಏನು ಚೆನ್ನಾಗಿದೆ ಎಂದು ಕೇಳಿದ್ದಕ್ಕೆ ಉತ್ತರ ಹೇಳದೆ ಪುಸ್ತಕ ತೆಗೆದು ನಕಲು ಮಾಡತೊಡಗಿದಳು. ಎರಡು ಸಾಲು ಬರೆಯುವಷ್ಟರಲ್ಲಿ ‘ರ’ ಯಾವುದೆಂದು ತಾನೇ ಗುರುತಿಸಿದಳು. ಇಲ್ಲಿ ಮೆಚ್ಚುಗೆ ಮೊದಲು ಬಂತು, ಓದು ಆಮೇಲೆ ಬಂತು. ರೂಢಿಯ ವಾದ ಇದಕ್ಕೆ ಏನನ್ನುತ್ತದೆ? ಅಥವಾ ಹಳೆಯದರ ಮೇಲಿನ ಗೌರವವೇ ಅವಳನ್ನು ಹಿಡಿದು ನಿಲ್ಲಿಸಿತ್ತೋ? ಇದನ್ನು ಸಾಕಷ್ಟು ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಉತ್ತರ ಸಿಕ್ಕಿಲ್ಲ. ಒಂದು ಮಾತ್ರ ಗೊತ್ತು: ನಮ್ಮ ರೂಢಿ ಯಾವುದೆಂದು ನಮಗೇ ಕಾಣಬೇಕಾದರೆ ಬೇರೆ ಕಾಲದ, ಬೇರೆ ಕೈಯ ಅಕ್ಷರವನ್ನು ಸ್ವಂತ ಕೈಯಿಂದ ಬರೆದು ನೋಡಬೇಕು. ಪರದೆಯ ಮೇಲೆ ನೂರು ಮಾದರಿ ಸರಿಸಿದರೂ ಆ ಕೆಲಸ ಆಗದು.

ಆದ್ದರಿಂದ ಎರಡು ವಿನಂತಿ. ಪಠ್ಯಕ್ರಮ ಮಾಡುವವರು ಇಲ್ಲಿದ್ದೀರಿ. ತಂತ್ರಾಂಶ ತೆರೆಯುವ ಮೊದಲು ಒಂದು ಪೂರ್ತಿ ಅವಧಿ ಕನ್ನಡ ಅಕ್ಷರಗಳ ನಕಲಿಗೆ ಕೊಡಿ: ಒಂದು ಶಾಸನ, ಒಂದು ಮೊಳೆಯಚ್ಚಿನ ಪುಟ, ತಮ್ಮ ಊರಿನದೇ ಒಂದು ಅಂಗಡಿ ಬೋರ್ಡ್. ಎರಡನೆಯದು, ಪ್ರಬಂಧ ಮಂಡಿಸುವ ಮಿತ್ರರಿಗೆ. ಯಾವುದೇ ಚಿತ್ರ ತೋರಿಸಿ ‘ಸುಂದರ’ ಎಂದರೆ ಅಲ್ಲಿಗೇ ನಿಲ್ಲಬೇಡಿ. ವಿನ್ಯಾಸಕಾರ ಎಲ್ಲಿ ಏನನ್ನು ಆರಿಸಿದ, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟ, ಎರಡನ್ನೂ ಹೇಳಿ. ವಿದ್ಯಾರ್ಥಿಗಳು ಈ ಸಭೆಯಿಂದ ಒಯ್ಯಬೇಕಾದದ್ದು ಹಾಗೆ ಕಾರಣ ಕೇಳುವ ಅಭ್ಯಾಸವನ್ನು. ಅವರು ನಿಮ್ಮ ಮೆಚ್ಚುಗೆಯನ್ನು ಒಪ್ಪದೆಯೂ ಇರಬಹುದು. ಹಾಗಾದರೆ ಸಂತೋಷಪಡಿ, ಅವರದೇ ಅಭಿರುಚಿ ಶುರುವಾಗಿದೆ ಎಂದರ್ಥ.